ಮೂಗಿನ ಸಣ್ಣ ಆಪರೇಷನ್‌ಗೆ ಮುನ್ನ

ರಾತ್ರಿಯೆಲ್ಲ ಮೂಗು ಕಟ್ಟಿ, ಬಾಯಲ್ಲೇ ಉಸಿರಾಡಿ, ಒಣಗಿದ ಗಂಟಲಿನಲ್ಲಿ ಏಳುವವರಿಗೆ ಡಾಕ್ಟರು ಒಮ್ಮೊಮ್ಮೆ ಹೇಳುತ್ತಾರೆ: ‘ಮೂಗಿನ ಮೂಳೆ ಡೊಂಕಾಗಿದೆ, ಸಣ್ಣದೊಂದು ಆಪರೇಷನ್ ಮಾಡಿಸಿಬಿಡಿ.’ ಆ ಮಾತು ಕೇಳಿ ಯೋಚನೆಗೆ ಬಿದ್ದವರಿಗಾಗಿ ಈ ಲೇಖನ. ಮುಖ್ಯವಾಗಿ ತಿಳಿಯಬೇಕಾದದ್ದು ಒಂದೇ: ಉಸಿರು ಎಲ್ಲಿ ತಡೆಯುತ್ತಿದೆ ಎಂಬುದು ಮೊದಲು ಗೊತ್ತಾಗಬೇಕು, ಆಪರೇಷನ್ ಮಾತು ಆಮೇಲೆ.

ಎರಡು ಹೊಳ್ಳೆಗಳ ನಡುವಿನ ಗೋಡೆಗೆ ಸೆಪ್ಟಮ್ ಎನ್ನುತ್ತಾರೆ. ಅದರ ಮುಂಭಾಗ ಮೃದ್ವಸ್ಥಿ, ಹಿಂಭಾಗ ಮೂಳೆ. ಅದು ಸ್ವಲ್ಪ ವಾಲಿರುವುದು ಬಹಳ ಜನರಲ್ಲಿ ಸಾಮಾನ್ಯ. ತೊಂದರೆ ಕೊಡದಿದ್ದರೆ ಮುಟ್ಟಬೇಕಾಗಿಲ್ಲ. ಪಕ್ಕದ ಗೋಡೆಗಳಿಂದ ಒಳಕ್ಕೆ ಚಾಚಿಕೊಂಡಿರುವ ಟರ್ಬಿನೇಟ್‌ಗಳು ಒಳಹೋಗುವ ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡುತ್ತವೆ. ಆರೋಗ್ಯವಂತರಲ್ಲೂ ಕೆಲವು ಗಂಟೆಗಳಿಗೊಮ್ಮೆ ಒಂದು ಬದಿಯ ಟರ್ಬಿನೇಟ್ ಊದಿ, ಇನ್ನೊಂದು ಬದಿಯದು ಇಳಿಯುತ್ತದೆ. ಆದ್ದರಿಂದ ಕಟ್ಟುವ ಬದಿ ಬದಲಾಗುತ್ತಿದ್ದರೆ ಊತ ಅಥವಾ ಅಲರ್ಜಿಯ ಸಂದೇಹ ಹೆಚ್ಚು. ಸದಾ ಒಂದೇ ಬದಿ ಕಟ್ಟಿದ್ದರೆ ಗೋಡೆಯ ಡೊಂಕಿನ ಸಂದೇಹ ಹೆಚ್ಚು. ನಿರ್ಧಾರ ಮಾತ್ರ ಇಎನ್‌ಟಿ ಡಾಕ್ಟರು ಎಂಡೋಸ್ಕೋಪ್‌ನಲ್ಲಿ ನೋಡಿದ ಮೇಲೆಯೇ.

ಊತವೇ ಕಾರಣವಾದರೆ ಕೆಲವು ವಾರ ಸ್ಟೀರಾಯ್ಡ್ ಸ್ಪ್ರೇ, ಉಪ್ಪುನೀರಿನ ತೊಳೆತ ಸಾಕಾಗಬಹುದು. ಹಾಕಿದ ಕೂಡಲೇ ಮೂಗು ಬಿಡಿಸುವ ಔಷಧಿ ಅಂಗಡಿಯ ಹನಿ ಬೇರೆ. ಅದನ್ನು ವಾರ ಮೀರಿ ಬಳಸಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ. ಡೊಂಕೇ ಕಾರಣವಾದರೆ ಸ್ಪ್ರೇ ಗೋಡೆಯನ್ನು ನೇರ ಮಾಡಲಾರದು. ಬ್ರಿಟನ್‌ನ 17 ಆಸ್ಪತ್ರೆಗಳಲ್ಲಿ ಇಂಥ 378 ವಯಸ್ಕರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 6 ತಿಂಗಳ ನಂತರ ಸ್ಪ್ರೇ ಬಳಸಿದವರಿಗಿಂತ ಆಪರೇಷನ್ ಆದವರಿಗೆ ಹೆಚ್ಚು ಆರಾಮ ಸಿಕ್ಕಿತ್ತು.

ಈ ಆಪರೇಷನ್‌ಗೆ ಸೆಪ್ಟೊಪ್ಲಾಸ್ಟಿ ಎಂದು ಹೆಸರು. ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಸುಮಾರು ಒಂದು ಗಂಟೆಯ ಕೆಲಸ. ಹೊಳ್ಳೆಯ ಒಳಗೇ ಸೀಳಿ, ಒಳಪೊರೆಯನ್ನು ಎತ್ತಿ, ಡೊಂಕಾದ ಭಾಗವನ್ನು ನೇರ ಮಾಡಿ ಅಥವಾ ತೆಗೆದು, ಪೊರೆಯನ್ನು ಮತ್ತೆ ಕೂರಿಸುತ್ತಾರೆ. ಮುಖದ ಮೇಲೆ ಕಲೆ ಉಳಿಯುವುದಿಲ್ಲ. ಬೇಕಾದರೆ ಊದಿದ ಟರ್ಬಿನೇಟ್‌ಗಳನ್ನೂ ಆಗಲೇ ಕುಗ್ಗಿಸುತ್ತಾರೆ.

ಈಗ ನಿದ್ದೆಯ ವಿಚಾರ. ಇಲ್ಲಿ ತಪ್ಪು ನಿರೀಕ್ಷೆ ಹೆಚ್ಚು, ಹಾಗಾಗಿ ನಿಧಾನವಾಗಿ ನೋಡೋಣ. ಎಳನೀರು ಹೀರುವಾಗ ಸ್ಟ್ರಾದ ತುದಿಗೆ ಗಂಜಿ ಸಿಕ್ಕಿಕೊಂಡರೆ, ಜೋರಾಗಿ ಎಳೆದಷ್ಟೂ ಸ್ಟ್ರಾದ ನಡುಭಾಗ ಚಪ್ಪಟೆಯಾಗುತ್ತದೆ. ಮೂಗು ಆ ತುದಿ, ಗಂಟಲು ಆ ನಡುಭಾಗ. ಮೂಗು ಬಿಡಿಸಿದರೆ ಎಳೆತ ಕಡಿಮೆಯಾಗುತ್ತದೆ, ನಿದ್ದೆ ಹಗುರಾಗಬಹುದು. ಆದರೆ ಗಂಟಲೇ ಸಡಿಲವಾಗಿ ಕುಸಿಯುತ್ತಿದ್ದರೆ ಅದು ಸ್ಲೀಪ್ ಅಪ್ನಿಯಾ. ಜೋರು ಗೊರಕೆ, ನಡುವೆ ಉಸಿರು ನಿಂತು ಬೆಚ್ಚಿ ಏಳುವುದು, ಹಗಲಿನ ತೂಕಡಿಕೆ ಅದರ ಲಕ್ಷಣಗಳು. ಉಸಿರು 10 ಸೆಕೆಂಡ್ ಅಥವಾ ಹೆಚ್ಚು ನಿಲ್ಲುವ ಅಥವಾ ಕ್ಷೀಣಿಸುವ ಘಟನೆಗಳನ್ನು ನಿದ್ದೆಯ ಪರೀಕ್ಷೆಯಲ್ಲಿ ಎಣಿಸುತ್ತಾರೆ. ವಯಸ್ಕರಲ್ಲಿ ಗಂಟೆಗೆ 5ಕ್ಕಿಂತ ಕಡಿಮೆ ಸಹಜ. 30 ಮುಟ್ಟಿದರೆ ತೀವ್ರ. ಮೂಗಿನ ಆಪರೇಷನ್ ಒಂದರಿಂದಲೇ ಇದು ವಾಸಿಯಾಗುವುದು ಅಪರೂಪ. ಇದಕ್ಕೆ ಮುಖ್ಯ ಚಿಕಿತ್ಸೆ, ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಸಿಡ್ನಿಯಿಂದ ಪ್ರಕಟಿಸಿದ ಸಿಪಾಪ್, ಅಂದರೆ ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲನ್ನು ತೆರೆದಿಡುವ ಯಂತ್ರ. ಮೂಗು ಬಿಟ್ಟರೆ ಅದರ ಮಾಸ್ಕ್ ತೊಡುವುದು ಸುಲಭವಾಗುತ್ತದೆ. ಆ ಸಹಾಯ ಸಣ್ಣದಲ್ಲ.

ಆಪರೇಷನ್ ನಿಶ್ಚಯವಾದರೆ ಅಪ್ನಿಯಾ ಇರುವುದನ್ನು ಅರಿವಳಿಕೆ ಡಾಕ್ಟರಿಗೆ ತಪ್ಪದೆ ಹೇಳಿ. ಆಸ್ಪಿರಿನ್, ರಕ್ತ ತೆಳುವಾಗಿಸುವ ಮಾತ್ರೆಗಳ ಬಗ್ಗೆಯೂ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಹೇಳಿದಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿರಿ.

ಆಪರೇಷನ್ ಆದ ಮೊದಲ ದಿನಗಳಲ್ಲಿ ಊತದಿಂದ ಮೂಗು ಮೊದಲಿಗಿಂತಲೂ ಹೆಚ್ಚು ಕಟ್ಟುತ್ತದೆ. ಧೈರ್ಯಗೆಡಬೇಡಿ, ಇದು ನಿರೀಕ್ಷಿತವೇ. ಒಳಗೆ ತೆಳು ಹಾಳೆಗಳನ್ನು ಇಟ್ಟಿದ್ದರೆ ಸುಮಾರು ವಾರದಲ್ಲಿ ತೆಗೆಯುತ್ತಾರೆ. ಅಲ್ಲಿಯವರೆಗೆ ತಲೆ ಎತ್ತರಿಸಿ ಮಲಗಿ, ಸಿಂಬಳ ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ. ಒಂದೆರಡು ವಾರ ಭಾರ ಎತ್ತಬೇಡಿ. ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ನೋವು ಏರುತ್ತಾ ಹೋದರೆ, ದೃಷ್ಟಿ ಬದಲಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅಪರೂಪಕ್ಕೆ ಗೋಡೆಯಲ್ಲಿ ತೂತು ಉಳಿಯುವುದು, ಮೇಲಿನ ಮುಂಹಲ್ಲು ಜೋಮು ಹಿಡಿಯುವುದು ಉಂಟು. ಪೂರ್ಣ ಫಲ ಕಾಣಲು ಕೆಲವು ತಿಂಗಳು ಬೇಕು.

ಒಪ್ಪಿಗೆಗೆ ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿ: ನನ್ನ ಉಸಿರು ತಡೆಯುತ್ತಿರುವುದು ಎಲ್ಲಿ? ಔಷಧಿಯನ್ನು ಸಾಕಷ್ಟು ಪ್ರಯತ್ನಿಸಿದ್ದೇವೆಯೇ? ಈ ಆಪರೇಷನ್‌ನಿಂದ ಯಾವುದು ಸರಿಹೋಗುತ್ತದೆ, ಯಾವುದು ಹಾಗೇ ಉಳಿಯುತ್ತದೆ? ಇದು ತುರ್ತು ಆಪರೇಷನ್ ಅಲ್ಲ. ಉತ್ತರ ಸ್ಪಷ್ಟವಾಗುವವರೆಗೆ ಕಾಯುವುದರಿಂದ ನಷ್ಟವಿಲ್ಲ.