ಬೆನ್ನುಹುರಿಗೆ ಕೋಶಗಳ ಕಸಿ

ಕೊಡಗಿನ ಕಾಫಿ ತೋಟಗಳಲ್ಲಿ ಕರಿಮೆಣಸಿನ ಕೊಯ್ಲು ನಡೆಯುವುದು ಏಣಿಯ ಮೇಲೆ. ಎತ್ತರದ ಸಿಲ್ವರ್ ಓಕ್ ಮರದಿಂದ ಕಾಲುಜಾರಿ ಬಿದ್ದವನ ಬೆನ್ನುಮೂಳೆ ಮುರಿದು, ಒಳಗಿನ ಬೆನ್ನುಹುರಿ ಜಜ್ಜಿಹೋಗಬಹುದು. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಆದರೆ ಕಾಲುಗಳ ಚಲನೆ ಮರಳದೆ ಹೋಗಬಹುದು. ಇದಕ್ಕೆ ಕಾರಣವೇನು?

ಮಿದುಳಿನ ಆಜ್ಞೆಗಳನ್ನು ಅಂಗಗಳಿಗೂ, ಅಂಗಗಳ ಸಂವೇದನೆಗಳನ್ನು ಮಿದುಳಿಗೂ ಒಯ್ಯುವ ನರತಂತುಗಳ ಕಟ್ಟೇ ಬೆನ್ನುಹುರಿ. ವಯಸ್ಕರಲ್ಲಿ ಇದರ ಉದ್ದ ಸುಮಾರು 45 ಸೆಂಟಿಮೀಟರು. ಇದರಿಂದ 31 ಜೊತೆ ನರಗಳು ಹೊರಡುತ್ತವೆ. ಕೈಯ ನರ ಕಡಿದರೆ ಅದು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮತ್ತೆ ಬೆಳೆಯಬಲ್ಲುದು. ಬೆನ್ನುಹುರಿಗೆ ಈ ಭಾಗ್ಯವಿಲ್ಲ. ಪೆಟ್ಟಾದೆಡೆ ಕೋಶಗಳು ಸತ್ತು ಪೊಳ್ಳು ಉಂಟಾಗುತ್ತದೆ. ಸುತ್ತಲೂ ಕಲೆ ಕಟ್ಟಿ ತಂತುಗಳ ಬೆಳವಣಿಗೆಗೆ ಅಡ್ಡಿಯಾಗುತ್ತದೆ.

ಕಿತ್ತಳೆಗೆ ಕಣ್ಣುಕಸಿ ಮಾಡುವುದನ್ನು ಕಂಡವರಿಗೆ ಕೋಶಗಳ ಕಸಿಯನ್ನು ಊಹಿಸುವುದು ಕಷ್ಟವಲ್ಲ. ಆದರೆ ಒಂದು ಭೇದವುಂಟು. ತೋಟದಲ್ಲಿ ಕೂರಿಸಿದ ಕಣ್ಣೇ ಚಿಗುರಿ ಮರವಾಗುತ್ತದೆ; ಇಲ್ಲಿ ಇಟ್ಟ ಕೋಶಗಳು ಹೊಸ ಬೆನ್ನುಹುರಿಯಾಗುವುದಿಲ್ಲ. ಅವು ಕಡಿದ ತಂತುಗಳಿಗೆ ಸೇತುವೆಯಾಗಬೇಕು, ಹೊದಿಕೆ ನೀಡಬೇಕು, ಇಲ್ಲವೆ ನಡುವೆ ನಿಂತು ಸಂದೇಶವನ್ನು ದಾಟಿಸಬೇಕು.

ವಾಸನೆಯ ನರಗಳು ಜೀವಮಾನವಿಡೀ ಹೊಸದಾಗಿ ಹುಟ್ಟುತ್ತವೆ. ಅವಕ್ಕೆ ದಾರಿಮಾಡಿಕೊಡುವ ಕೋಶಗಳನ್ನು ಲಂಡನ್ನಿನ ಜೆಫ್ರಿ ರೈಸ್ಮನ್ ಅಭ್ಯಸಿಸಿದರು. ಅಂಥ ಕೋಶಗಳನ್ನು ಪೋಲೆಂಡಿನ ವೈದ್ಯರು ಒಬ್ಬ ರೋಗಿಗೆ ಕಸಿ ಮಾಡಿದಾಗ ಕಾಲುಗಳಲ್ಲಿ ಕೊಂಚ ಚಲನೆ ಮರಳಿತೆಂದು 2014ರಲ್ಲಿ ವರದಿಯಾಯಿತು. ಜಪಾನಿನ ಕೇಯೋ ವಿಶ್ವವಿದ್ಯಾಲಯದವರು ಆದಿಸ್ಥಿತಿಗೆ ಮರಳಿಸಿದ ಕೋಶಗಳಿಂದ ನರಕೋಶಗಳ ಮೂಲಕೋಶಗಳನ್ನು ಪಡೆದರು. 2021ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅವನ್ನು ಕಸಿ ಮಾಡಿದರು. ಒಟ್ಟು ನಾಲ್ವರಿಗೆ ತಲಾ 20 ಲಕ್ಷ ಕೋಶಗಳು! ಇಬ್ಬರಲ್ಲಿ ಚಲನೆ ಸುಧಾರಿಸಿತೆಂದು 2025ರಲ್ಲಿ ಪ್ರಕಟಿಸಿದರು.

ಇದು ಗೆಲುವೇ? ಅವಸರ ಸಲ್ಲದು. ಪೆಟ್ಟಾದ ಮೊದಲ ತಿಂಗಳುಗಳಲ್ಲಿ ಕೆಲವರು ತಾವಾಗಿಯೇ ಅಷ್ಟಿಷ್ಟು ಚೇತರಿಸಿಕೊಳ್ಳುವುದುಂಟು. ಕಸಿ ಪಡೆದವರನ್ನು ಪಡೆಯದವರೊಡನೆ ಹೋಲಿಸಿದ ಹೊರತು ಫಲ ಯಾವುದರದೆಂದು ಹೇಳಲಾಗದು. ಆದುದರಿಂದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯು ಇಂಥ ಕಸಿಯನ್ನು ಅನುಮತಿ ಪಡೆದ ಪ್ರಯೋಗಗಳಿಗೆ ಮಾತ್ರ ಮೀಸಲಿಟ್ಟಿದೆ. ಹಣ ಪಡೆದು ನಡೆಯಿಸುವೆವೆಂಬವರ ಮಾತು ನಂಬಿ ತೋಟ ಒತ್ತೆಯಿಡುವುದು ತರವಲ್ಲ.

ನಮ್ಮ ಕೈಯಲ್ಲಿರುವುದು ಬೇರೊಂದು ಕೆಲಸ. ಮರದಿಂದ ಬಿದ್ದವನನ್ನು ಕೈಕಾಲು ಹಿಡಿದು ಎತ್ತಬಾರದು. ಕತ್ತು, ಬೆನ್ನು ಬಾಗದಂತೆ ನಾಲ್ಕೈದು ಜನ ಸೇರಿ ಹಲಗೆಯ ಮೇಲೆ ಮಲಗಿಸಿ ಒಯ್ಯಬೇಕು. ಕೋಶಗಳ ಕಸಿ ಫಲಿಸುವ ದಿನ ಬಂದೀತು. ಅಲ್ಲಿಯವರೆಗೆ ಉಳಿದಿರುವ ತಂತುಗಳನ್ನು ಉಳಿಸಿಕೊಳ್ಳುವುದೇ ವಿವೇಕ.