ಸುಟ್ಟ ಗಾಯಕ್ಕೆ ಬೆಳ್ಳಿಯ ಪಟ್ಟಿ

ಬೆಳ್ಳಿಯೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಾಲುಂಗುರ, ಕಾಲಗಡಗ, ದೇವರ ಮನೆಯ ದೀಪ. ಅದೇ ಬೆಳ್ಳಿ ದವಾಖಾನೆಯ ಮಲಾಮಿನ ಡಬ್ಬಿಯಲ್ಲಿಯೂ ಇದೆಯೆಂಬುದು ನಮಗೆ ತಿಳಿದದ್ದು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನ ಗೈರುಹಾಜರಿಯಿಂದ.

ಹೋಳಿ ಹುಣ್ಣಿಮೆಯ ದಿನ ಹೋಳಿಗೆಯ ಬೇಳೆ ಬಸಿಯುವಾಗ ಪಾತ್ರೆ ಜಾರಿ, ಕುದಿಯುವ ಕಟ್ಟು ಅವನ ತಾಯಿಯ ತೋಳಿನ ಮೇಲೆ ಬಿದ್ದಿತ್ತು. ಮನೆಯವರು ಗಾಬರಿಯಲ್ಲಿ ಟೂತ್‌ಪೇಸ್ಟ್ ಬಳಿದರು. ದವಾಖಾನೆಯಲ್ಲಿ ಅದನ್ನು ತೊಳೆದು ತೆಗೆಯುವಾಗ ಆ ತಾಯಿ ಪಟ್ಟ ಸಂಕಟ ಸುಟ್ಟಾಗಿನದಕ್ಕಿಂತ ಹೆಚ್ಚಾಗಿತ್ತಂತೆ. ಮುಂದೆ ದಿನವೂ ಮಲಾಮು ಬದಲಿಸಬೇಕಾಯಿತು. ಅಕ್ಕಲಕೋಟೆ ತಾಲೂಕಿನ ಹಳ್ಳಿಯಿಂದ ಎಸ್.ಟಿ. ಬಸ್ಸು ಹಿಡಿದು ಸೋಲಾಪುರಕ್ಕೆ ಹೋಗಿ ಬರುವಷ್ಟರಲ್ಲಿ ದಿನ ಮುಗಿಯುತ್ತಿತ್ತು. ತಾಯಿಯ ಕೂಲಿಯೂ ಹೋಯಿತು, ಮಗನ ಶಾಲೆಯೂ ಹೋಯಿತು. ಪರೀಕ್ಷೆ ಹತ್ತಿರ ಬಂದಿತ್ತು. ಕೇಳಿದರೆ, "ಸರ್, ಅವ್ವನ್ನ ದವಾಖಾನಿಗಿ ಕರ್ಕೊಂಡು ಹೋಗೂದೈತ್ರಿ, ದಿನಾ ಪಟ್ಟಿ ಬದಲಸ್ತಾರ್ರಿ" ಎಂದು ತಲೆ ತಗ್ಗಿಸಿದ. ಒಂದು ದಿನ ನಾವೂ ಅವರೊಡನೆ ಹೋದೆವು. ದಿನವೂ ಬದಲಿಸಲೇಬೇಕೇ ಎಂಬ ನಮ್ಮ ಪ್ರಶ್ನೆಗೆ ವೈದ್ಯರು ಬೇಸರಿಸದೆ ಉತ್ತರ ಹೇಳಿದರು. ಆ ಮೇಲೆ ನಾವು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ. ಕನ್ನಡ ಕಲಿಸುವವರಿಗೆ ಈ ಉಸಾಬರಿ ಏಕೆಂದು ಕೇಳುವವರು ಕೇಳಲಿ.

ಸುಟ್ಟ ಚರ್ಮವೆಂದರೆ ಬೇಲಿ ಕಿತ್ತ ಹೊಲವಿದ್ದಂತೆ. ರೋಗಾಣುಗಳು ಸುಲಭವಾಗಿ ಒಳಗೆ ನುಗ್ಗುತ್ತವೆ. ಬೆಳ್ಳಿಗೆ ಅವುಗಳನ್ನು ಕೊಲ್ಲುವ ಗುಣವಿದೆ. ಆದರೆ ಗಟ್ಟಿ ಬೆಳ್ಳಿ ಸುಮ್ಮನೆ ಕುಳಿತರೆ ಏನೂ ಆಗದು. ತೇವ ತಗುಲಿ ಅದರಿಂದ ಅಯಾನುಗಳು ಹೊರಬರಬೇಕು. ಈ ಅಯಾನುಗಳು ರೋಗಾಣುವಿನ ಹೊರಪೊರೆಯನ್ನೂ ಒಳಗಿನ ಪ್ರೋಟೀನುಗಳನ್ನೂ ಕೆಡಿಸುತ್ತವೆ. 1881ರಲ್ಲಿ ಜರ್ಮನಿಯ ಕ್ರೆಡೆ ಎಂಬ ವೈದ್ಯರು ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿಯನ್ನು ಹಾಕಿ ಕುರುಡುತನವನ್ನು ತಡೆಯುವ ಕ್ರಮವನ್ನು ಪ್ರಕಟಿಸಿದರು. 1965ರಲ್ಲಿ ಅಮೆರಿಕದ ಮೋಯರ್ ಮತ್ತು ಸಂಗಡಿಗರು ಸುಟ್ಟ ಗಾಯಕ್ಕೆ ಶೇಕಡಾ 0.5ರ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಬಳಸಿದರು.

ಇಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಯೋಗಶಾಲೆಯನ್ನು ನೆನೆಯಬೇಕು. ಸಿಲ್ವರ್ ನೈಟ್ರೇಟಿಗೆ ಉಪ್ಪಿನ ನೀರು ಹಾಕಿದರೆ ಮೊಸರಿನಂಥ ಬಿಳಿ ಒತ್ತರ ಇಳಿಯುತ್ತದಲ್ಲವೆ? ಗಾಯದ ಮೇಲೆಯೂ ಅದೇ ನಡೆಯಿತು. ಬೆಳ್ಳಿಯು ಮೈಯ ಲವಣವನ್ನು ಎಳೆದುಕೊಂಡಿತು. ದೊಡ್ಡ ಗಾಯಗಳಲ್ಲಿ ರೋಗಿಯ ರಕ್ತದಲ್ಲಿ ಉಪ್ಪಿನಂಶವೇ ಇಳಿಯುತ್ತಿತ್ತು. ಮೇಲಾಗಿ ಹಾಸಿಗೆ, ಬಟ್ಟೆ, ದಾದಿಯರ ಕೈ ಎಲ್ಲವೂ ಕಪ್ಪು. 1968ರಲ್ಲಿ ಫಾಕ್ಸ್ ಎಂಬವರು ಬೆಳ್ಳಿಯನ್ನು ಸಲ್ಫಾ ಔಷಧಿಯೊಡನೆ ಕೂಡಿಸಿ ಸಿಲ್ವರ್ ಸಲ್ಫಾಡಯಾಜೀನ್ ಎಂಬ ಮಲಾಮನ್ನು ತಂದರು. ನಮ್ಮ ದವಾಖಾನೆಗಳಲ್ಲಿ ಇಂದಿಗೂ ಹಚ್ಚುವ ಬಿಳಿಯ ಮಲಾಮು ಇದೇ.

ಇದರ ಬೆಲೆ ಕಡಿಮೆ, ಎಲ್ಲೆಡೆಯೂ ಸಿಗುತ್ತದೆ. ದೊಡ್ಡ ಗಾಯಗಳಲ್ಲಿ ಇದರಿಂದ ಬಹಳ ಉಪಕಾರವಾಗಿದೆ. ಆದರೆ ದಿನಕ್ಕೆ ಒಮ್ಮೆಯೋ ಎರಡು ಬಾರಿಯೋ ಹಳೆಯದನ್ನು ತೊಳೆದು ಹೊಸದನ್ನು ಹಚ್ಚಬೇಕು; ಪ್ರತಿ ಸಲವೂ ನೋವು. ಗಾಯದ ಮೇಲೆ ಇದು ಕೆನೆಯಂಥ ಹುಸಿ ಪೊರೆಯನ್ನು ಕಟ್ಟುವುದರಿಂದ, ಗಾಯ ಎಷ್ಟು ಆಳವಾಗಿದೆಯೆಂದು ನೋಡಲು ವೈದ್ಯರಿಗೇ ಕಷ್ಟವಾಗುತ್ತದೆ. ರೋಗಾಣುವನ್ನು ಕೊಲ್ಲುವ ಬೆಳ್ಳಿ ಹೊಸದಾಗಿ ಚಿಗುರುವ ಚರ್ಮದ ಕೋಶಗಳಿಗೂ ಸ್ವಲ್ಪ ಏಟು ಕೊಡುತ್ತದೆ. ಸಲ್ಫಾ ಒಗ್ಗದವರಿಗೂ ದಿನ ತುಂಬಿದ ಗರ್ಭಿಣಿಯರಿಗೂ ಇದು ಸಲ್ಲದು.

ಈಚಿನದು ಬೆಳ್ಳಿ ಬೆರೆಸಿದ ಪಟ್ಟಿ. ಕೆಲವು ಸ್ಪಂಜಿನಂತೆ ಗಾಯದ ನೀರನ್ನು ಹೀರುತ್ತವೆ. ಕೆಲವು ಗಾಯಕ್ಕೆ ಅಂಟಿಕೊಂಡು, ಕೆಳಗೆ ಚರ್ಮ ಬೆಳೆದಂತೆ ತಾವಾಗಿ ಬಿಡುತ್ತವೆ. ಇನ್ನು ಕೆಲವಕ್ಕೆ ಅತಿಸೂಕ್ಷ್ಮ ಬೆಳ್ಳಿಯ ಹರಳುಗಳ ಲೇಪವಿರುತ್ತದೆ. ಈ ಕೊನೆಯದನ್ನು ಶುದ್ಧ ನೀರಿನಿಂದಲೇ ನೆನೆಸಬೇಕು, ಸಲೈನಿನಿಂದ ಅಲ್ಲ. ಏಕೆಂಬುದನ್ನು ಮೇಲೆ ಹೇಳಿದ ಬಿಳಿ ಒತ್ತರದಿಂದ ವಿದ್ಯಾರ್ಥಿಗಳೇ ಊಹಿಸಲಿ. ಇವುಗಳಿಂದ ಬೆಳ್ಳಿ ನಿಧಾನವಾಗಿ ಇಳಿಯುವುದರಿಂದ ಮೂರು ದಿನ, ಏಳು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಾಗೆಯೇ ಬಿಡಬಹುದು. ಬೆಲೆ ಮಾತ್ರ ಹೆಚ್ಚು.

2013ರಲ್ಲಿ ಕೊಕ್ರೇನ್ ಸಂಸ್ಥೆಯವರು 30 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಮೇಲುಮೇಲಿನ ಸುಟ್ಟ ಗಾಯಗಳು ಬಿಳಿ ಮಲಾಮಿನಲ್ಲಿ ಮಾಯುವುದಕ್ಕಿಂತ ಬೆಳ್ಳಿಯ ಪಟ್ಟಿ, ಸಿಲಿಕೋನ್ ಪಟ್ಟಿ ಮುಂತಾದವುಗಳಲ್ಲಿ ಚೆನ್ನಾಗಿ ಮಾಯುತ್ತವೆಂದು ಕಂಡಿತು. ಪ್ರಯೋಗಗಳಲ್ಲಿ ಹಲವು ಅಷ್ಟು ಗಟ್ಟಿಯಾದವಲ್ಲ ಎಂದೂ ಅವರೇ ಹೇಳಿದ್ದಾರೆ. ಗಮನಿಸಿರಿ, ಸಿಲಿಕೋನ್ ಪಟ್ಟಿಯಲ್ಲಿ ಬೆಳ್ಳಿಯೇ ಇರಬೇಕೆಂದಿಲ್ಲ. ಮನೆಗೂ ದವಾಖಾನೆಗೂ ಓಡಾಡುವಷ್ಟು ಸಣ್ಣ, ಸ್ವಚ್ಛ ಗಾಯಕ್ಕೆ ಬೆಳ್ಳಿಯೇ ಬೇಕೆಂದು ಯಾರೂ ಸಾಧಿಸಿ ತೋರಿಸಿಲ್ಲ.

ಈ ವಿಷಯದಲ್ಲಿ ನಮ್ಮ ಸೋಲಾಪುರದ ಹೆಸರೂ ಇದೆ. ಇಲ್ಲಿಯ ವೈದ್ಯಕೀಯ ಕಾಲೇಜಿನ ಶಸ್ತ್ರವೈದ್ಯ ಎಂ. ಸುಬ್ರಹ್ಮಣ್ಯಂ ಅವರು 104 ರೋಗಿಗಳಲ್ಲಿ ಅರ್ಧ ಜನಕ್ಕೆ ಜೇನು, ಅರ್ಧ ಜನಕ್ಕೆ ಈ ಬಿಳಿ ಮಲಾಮು ಹಚ್ಚಿ ಹೋಲಿಸಿ, 1991ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. 15 ದಿನಗಳಲ್ಲಿ ಜೇನಿನಿಂದ ಶೇಕಡಾ 87, ಮಲಾಮಿನಿಂದ ಶೇಕಡಾ 10 ಗಾಯಗಳು ಮಾಯ್ದವೆಂದು ಅವರ ಲೆಕ್ಕ. ಇಂಥ ಪ್ರಯೋಗಗಳಲ್ಲಿ ಬಹಳಷ್ಟು ಒಬ್ಬರ ಕೈಯಿಂದಲೇ ಬಂದವೆಂದು ವಿಮರ್ಶಕರು ಎಚ್ಚರಿಕೆಯಿಂದ ನೋಡುತ್ತಾರೆ. ಇದನ್ನು ಓದಿ ಯಾರೂ ಮನೆಯ ಜೇನುಬಾಟಲಿಗೆ ಕೈ ಹಾಕಬಾರದು.

ಮನೆಯಲ್ಲಿ ಮಾಡಬೇಕಾದದ್ದು ಬೇರೆಯೇ ಇದೆ: ಸುಟ್ಟ ಕೂಡಲೆ ಬಳೆ, ಉಂಗುರ ತೆಗೆದು, ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು. ಮಂಜುಗಡ್ಡೆ, ಶಾಯಿ, ತುಪ್ಪ, ಪೇಸ್ಟು ಬೇಡ. ಗುಳ್ಳೆ ಒಡೆಯಬಾರದು. ರೋಗಿಯ ಬೆರಳು ಸಹಿತ ಅಂಗೈಯಗಲ ಮೈಯ ಸುಮಾರು ಶೇಕಡಾ 1 ಎಂದು ಲೆಕ್ಕ. ಹತ್ತು ಅಂಗೈ ಮೀರಿದರೆ, ಅಥವಾ ಮುಖ, ಕೈ, ಪಾದ, ಕೀಲು ಸುಟ್ಟಿದ್ದರೆ, ವಿದ್ಯುತ್ ತಗುಲಿದ್ದರೆ ದೊಡ್ಡ ಆಸ್ಪತ್ರೆಗೇ ಹೋಗಬೇಕು.

ಆ ದಿನ ವೈದ್ಯರು ಗಾಯ ನೋಡಿ, "ಬೆಳ್ಳಿಯ ಪಟ್ಟಿ ಹಾಕಿದರೆ ವಾರಕ್ಕೊಮ್ಮೆ ಬಂದರೆ ಸಾಕು, ಆದರೆ ಹೊರಗಿನಿಂದ ಕೊಳ್ಳಬೇಕು" ಎಂದರು. ಬೆಲೆ ಕೇಳಿ ತಾಯಿ, "ಬ್ಯಾಡ್ರಿ ಸಾಹೇಬ್ರ, ಮಲಾಮ ಸಾಕು" ಎಂದರು. ಹುಡುಗ ದವಾಖಾನೆಯ ಚೀಟಿಯ ಹಿಂಬದಿಯಲ್ಲಿ ಇಬ್ಬರ ಬಸ್ಸಿನ ಚಾರ್ಜು, ಅವ್ವನ ಕೂಲಿ ಬರೆದು, ಇನ್ನೂ ಬರಬೇಕಾದ ದಿನಗಳಿಂದ ಗುಣಿಸಿ ತೋರಿಸಿದ. ಪಟ್ಟಿಯೇ ಅಗ್ಗವಾಗಿತ್ತು. ತಾಯಿ ಆ ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿ ಒಪ್ಪಿದರು.

ಮುಂದೆ ಎರಡೇ ಸಲ ಸೋಲಾಪುರಕ್ಕೆ ಹೋಗಬೇಕಾಯಿತು. ಹುಡುಗ ಗಣಿತದ ಪರೀಕ್ಷೆಗೆ ಹಾಜರಾದ. ತಾಯಿಯ ತೋಳಿನಲ್ಲಿ ಈಗ ಗುಲಾಬಿ ಬಣ್ಣದ ಹೊಸ ಚರ್ಮವಿದೆ. ಬಿಸಿಲಿಗೆ ತೋರಿಸಬೇಡಿರೆಂದು ವೈದ್ಯರು ಹೇಳಿದ್ದರಿಂದ, ಹೊಲಕ್ಕೆ ಹೋಗುವಾಗ ಗಂಡನ ಹಳೆಯ ಅಂಗಿಯ ತುಂಬುತೋಳು ತೊಟ್ಟು ಹೋಗುತ್ತಾರೆ.