ಬೆಟ್ಟದ ಬಸಿರಿನ ಕೋಟೆಗಳು

ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತದ ತಪ್ಪಲಿನಲ್ಲಿ ನಡೆದು ಹೋಗುವ ಪ್ರವಾಸಿಗನಿಗೆ ಹಚ್ಚನೆಯ ಹುಲ್ಲುಗಾವಲು, ಕೊರಳ ಗಂಟೆ ಅಲುಗಿಸುತ್ತ ಮೇಯುವ ಹಸುಗಳು, ಮರದ ಹಲಗೆಯ ಪುಟ್ಟ ಮನೆಗಳು ಕಾಣಿಸುತ್ತವೆ. ಅಂಥ ಕೆಲವು ಮನೆಗಳ ಹತ್ತಿರಕ್ಕೆ ಹೋದರೆ ಅವನು ಬೆರಗಾಗುತ್ತಾನೆ. ಕಿಟಕಿಯ ಗಾಜೂ ಅದರ ಹಿಂದಿನ ಪರದೆಯೂ ಬರಿಯ ಚಿತ್ರ. ಹಲಗೆಯೆಂದು ತೋರುವುದು ಕಾಂಕ್ರೀಟಿನ ಮೇಲೆ ಬಳಿದ ಬಣ್ಣ. ಆ ಮನೆಯಲ್ಲಿ ಎಂದೂ ತೊಟ್ಟಿಲು ತೂಗಲಿಲ್ಲ, ಅಲ್ಲಿದ್ದುದು ಫಿರಂಗಿ.

ಶಾಂತಿಗೆ ಹೆಸರಾದ ನಾಡಿನಲ್ಲಿ ಇದೇಕೆ? 1815ರಲ್ಲಿ ಯೂರೋಪಿನ ಪ್ರಬಲ ರಾಷ್ಟ್ರಗಳು ಸ್ವಿಟ್ಜರ್ಲೆಂಡಿನ ತಾಟಸ್ಥ್ಯವನ್ನು ಮಾನ್ಯ ಮಾಡಿದವು. ಆದರೆ ಕಾಗದದ ಮೇಲಿನ ಮಾತನ್ನು ಮಾತ್ರ ನಂಬಿ ಆ ಜನ ಕುಳಿತುಕೊಳ್ಳಲಿಲ್ಲ. 1882ರಲ್ಲಿ ಗೊಟ್ಹಾರ್ಡ್ ಪರ್ವತವನ್ನು ಕೊರೆದು ಸುಮಾರು 15 ಕಿ.ಮೀ. ಉದ್ದದ ರೈಲು ಸುರಂಗವನ್ನು ತೆರೆದಾಗ ಜರ್ಮನಿಗೂ ಇಟಲಿಗೂ ನಡುವೆ ನೇರ ದಾರಿಯಾಯಿತು. ಬಾಗಿಲು ತೆರೆದವನಿಗೆ ಕಾವಲಿನ ಚಿಂತೆ ತಪ್ಪದಷ್ಟೆ. ಹತ್ತು ವರ್ಷ ಕಳೆಯುವ ಮೊದಲೇ ಸುರಂಗದ ದಕ್ಷಿಣದ ಬಾಯಿಯಲ್ಲಿರುವ ಐರೋಲೋ ಊರಿನ ಬಳಿ ಕೋಟೆಯೊಂದು ಎದ್ದಿತು.

ನಿಜವಾದ ಪರೀಕ್ಷೆ ಬಂದುದು 1940ರಲ್ಲಿ. ಜೂನ್ ತಿಂಗಳಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಅದೇ ತಿಂಗಳು ಫ್ರಾನ್ಸ್ ಜರ್ಮನಿಗೆ ಶರಣಾಯಿತು. ಸ್ವಿಟ್ಜರ್ಲೆಂಡನ್ನು ಹಿಟ್ಲರ್ ಮತ್ತು ಮುಸೊಲಿನಿಯರ ಬಲವು ಸುತ್ತುವರಿಯಿತು. ಆ ದೇಶದಲ್ಲಿ ಶಾಂತಿಕಾಲಕ್ಕೆ ಜನರಲ್ ಎಂಬ ಪದವಿಯೇ ಇಲ್ಲ. ಯುದ್ಧದ ಭೀತಿ ಒದಗಿದಾಗ ಸಂಸತ್ತು ಒಬ್ಬನನ್ನು ಆರಿಸುತ್ತದೆ. 1939ರ ಆಗಸ್ಟ್‌ನಲ್ಲಿ ಹಾಗೆ ಆಯ್ಕೆಯಾದವನು ಆನ್ರಿ ಗಿಸಾನ್. ವ್ಯವಸಾಯವನ್ನು ಓದಿ, ಬೇಸಾಯ ಮಾಡಿದ್ದ ಮನುಷ್ಯ ಆತ.

1940ರ ಜುಲೈ 25ರಂದು ಗಿಸಾನ್ ತನ್ನ ಹಿರಿಯ ಅಧಿಕಾರಿಗಳನ್ನು ಹಬೆಯ ಹಡಗಿನಲ್ಲಿ ಲೂಸರ್ನ್ ಸರೋವರದ ದಡದ ರೂಟ್ಲಿ ಎಂಬ ಹುಲ್ಲುಗಾವಲಿಗೆ ಕರೆದೊಯ್ದ. ಸೈನ್ಯದ ಮುಖ್ಯರೆಲ್ಲ ಒಂದೇ ಹಡಗಿನಲ್ಲಿ! ಒಂದು ಬಾಂಬು ಬಿದ್ದಿದ್ದರೆ ಏನು ಗತಿ? ಆದರೂ ಆ ಸ್ಥಳವನ್ನು ಅವನು ಸುಮ್ಮನೆ ಆರಿಸಿರಲಿಲ್ಲ. 1291ರಲ್ಲಿ ಮೂರು ಕಣಿವೆಗಳ ಜನ ಒಂದಾಗಿರುವೆವೆಂದು ಆಣೆಯಿಟ್ಟ ನೆಲ ಅದೇ ಎಂಬುದು ಆ ನಾಡಿನ ಐತಿಹ್ಯ.

ಗಿಸಾನ್ ಅಲ್ಲಿ ತಿಳಿಸಿದ ನಿರ್ಧಾರ ಕಠೋರವಾದದ್ದು. ಗಡಿಯನ್ನೆಲ್ಲ ಕಾಯುವಷ್ಟು ಬಲ ತಮ್ಮಲ್ಲಿಲ್ಲ. ಆದ್ದರಿಂದ ಮುಖ್ಯ ಸೈನ್ಯ ಆಲ್ಪ್ಸ್ ಪರ್ವತದ ಒಡಲಿಗೆ ಸರಿಯಬೇಕು. ಪೂರ್ವದಲ್ಲಿ ಸಾರ್ಗಾನ್ಸ್, ನಡುವೆ ಗೊಟ್ಹಾರ್ಡ್, ಪಶ್ಚಿಮದಲ್ಲಿ ಸೇಂಟ್ ಮಾರಿಸ್, ಈ ಮೂರು ದುರ್ಗಗಳ ಆಸರೆಯಲ್ಲಿ ಕೊನೆಯವರೆಗೆ ಕಾದಾಡಬೇಕು. ಶತ್ರು ನುಗ್ಗಿದರೆ ಸುರಂಗಗಳನ್ನೂ ಸೇತುವೆಗಳನ್ನೂ ಸಿಡಿಸಬೇಕು. ಯಾವ ದಾರಿಗಾಗಿ ಅವನು ಬಂದನೋ ಆ ದಾರಿಯೇ ಅವನಿಗೆ ದಕ್ಕಬಾರದು.

ಇದರ ಬೆಲೆಯೇನು? ಬೆಟ್ಟದ ಬುಡದ ಬಯಲು ಸೀಮೆಯಲ್ಲೇ ದೇಶದ ಬಹುಪಾಲು ಜನ, ದೊಡ್ಡ ನಗರ, ಕಾರ್ಖಾನೆಗಳಿದ್ದವು. ಅಲ್ಲಿ ಶತ್ರುವನ್ನು ಕೆಲಕಾಲ ತಡೆಯಬಹುದೇ ಹೊರತು ನಿಲ್ಲಿಸುವಂತಿರಲಿಲ್ಲ. ಬಂಡೆಯೊಳಗೆ ಕಾವಲು ನಿಂತ ಸೈನಿಕನ ಹೆಂಡತಿ ಮಕ್ಕಳು ಆ ಬಯಲಿನಲ್ಲಿ ಉಳಿಯುತ್ತಿದ್ದರು. ಗುಹೆಯ ತಣ್ಣನೆಯ ಕತ್ತಲೆಗಿಂತ ಈ ಯೋಚನೆಯೇ ಅವನಿಗೆ ಹೆಚ್ಚು ಭಾರವಾಗಿದ್ದಿರಬೇಕು.

ಬಂಡೆಯನ್ನು ಕೊರೆದು ಕಟ್ಟಿದ ದೊಡ್ಡ ಕೋಟೆಗಳಲ್ಲಿ ಮಲಗುವ ಕೋಣೆ, ಅಡುಗೆಮನೆ, ಆಸ್ಪತ್ರೆ, ವಿದ್ಯುತ್ ಯಂತ್ರ, ಗಾಳಿಯನ್ನು ಶೋಧಿಸುವ ಸಲಕರಣೆ ಎಲ್ಲವೂ ಇದ್ದವು. ಹೊರಗಿನ ಬಾಯಿಗೆ ಕೃತಕ ಬಂಡೆಯ ಮುಚ್ಚಳ. ಜಿನೀವ ಸರೋವರದಿಂದ ಜೂರಾ ಬೆಟ್ಟದವರೆಗೆ, ಟ್ಯಾಂಕುಗಳನ್ನು ತಡೆಯಲೆಂದು ಒಂಬತ್ತು ಟನ್ ತೂಗುವ ಕಾಂಕ್ರೀಟಿನ ಮೊನೆಗಲ್ಲುಗಳನ್ನು ಸುಮಾರು 10 ಕಿ.ಮೀ. ಸಾಲಾಗಿ ನೆಟ್ಟರು. ಟೊಬ್ಲೆರೋನ್ ಎಂಬ ಚಾಕೊಲೇಟಿನ ತುಂಡುಗಳನ್ನು ಹೋಲುವುದರಿಂದ ಜನ ಅದಕ್ಕೆ ಆ ಹೆಸರನ್ನೇ ಇಟ್ಟರು. ಆ ಸಾಲಿನಲ್ಲೇ ಗ್ಲಾಂಡ್ ಊರಿನಲ್ಲಿ ತಿಳಿಗೆಂಪು ಬಣ್ಣದ ಮನೆಯ ವೇಷ ತೊಟ್ಟ ಕೋಟೆಯೊಂದಿದೆ. ಈಗ ಅದು ವಸ್ತುಸಂಗ್ರಹಾಲಯ.

ಜರ್ಮನಿಯ ಸೇನಾಧಿಕಾರಿಗಳು ಆಕ್ರಮಣದ ಯೋಜನೆಯನ್ನು ಬರೆದಿಟ್ಟಿದ್ದರು, ಅದು ಕಾರ್ಯಗತವಾಗಲಿಲ್ಲ. ಕೋಟೆಗಳೇ ದೇಶವನ್ನು ಉಳಿಸಿದವೆಂದು ಬಹುಕಾಲ ಅಲ್ಲಿಯ ಜನ ನಂಬಿದ್ದರು. ಅದು ಪೂರ್ಣ ಸತ್ಯವಲ್ಲ. ಜರ್ಮನಿಯ ಸರಕು ಹೊತ್ತ ರೈಲುಗಳು ಗೊಟ್ಹಾರ್ಡ್ ಸುರಂಗದಲ್ಲಿ ಓಡಾಡುತ್ತಲೇ ಇದ್ದವು. ಜರ್ಮನಿ ದೋಚಿ ತಂದ ಚಿನ್ನವನ್ನೂ ಸ್ವಿಸ್ ಬ್ಯಾಂಕು ಕೊಂಡಿತು. 1942ರಲ್ಲಿ ಗಡಿಗೆ ಓಡಿಬಂದ ಅನೇಕ ಯೆಹೂದ್ಯರನ್ನು ಹಿಂದಕ್ಕೆ ಅಟ್ಟಲಾಯಿತು. ಸರ್ಕಾರವೇ 1996ರಲ್ಲಿ ನೇಮಿಸಿದ ಇತಿಹಾಸಜ್ಞರ ಆಯೋಗವು ಇವನ್ನೆಲ್ಲ ಮರೆಮಾಚದೆ ಹೇಳಿತು. ಕೋಟೆಯ ಧೈರ್ಯವೂ ನಿಜ, ವ್ಯಾಪಾರದ ರಾಜಿಯೂ ನಿಜ.

ಯುದ್ಧ ಮುಗಿದ ಮೇಲೂ ಅಣುಯುದ್ಧದ ಭಯದಿಂದ ಕೋಟೆಗಳು ಎಚ್ಚರವಾಗಿಯೇ ಇದ್ದವು. 1990ರ ದಶಕದಲ್ಲಿ ಅನೇಕವನ್ನು ಸೈನ್ಯ ಕೈಬಿಟ್ಟಿತು. ಲೂಸರ್ನ್ ಸರೋವರದ ದಡದ ಫ್ಯೂರಿಗನ್ ಕೋಟೆಯನ್ನು ಜನ ನೋಡಲು ಹೋಗತೊಡಗಿದರು; ಕೆಲವು ಗುಹೆಗಳಲ್ಲಿ ಗಿಣ್ಣು ಹದವಾಗುತ್ತದೆ.

ಮಿಟ್‌ಹೋಲ್ಜ್ ಎಂಬ ಹಳ್ಳಿಯ ಕಥೆ ಮಾತ್ರ ಬೇರೆ. ಅಲ್ಲಿ ಬೆಟ್ಟದೊಳಗೆ ಸುಮಾರು 7,000 ಟನ್ ಮದ್ದುಗುಂಡು ತುಂಬಿತ್ತು. 1947ರ ಡಿಸೆಂಬರಿನ ಒಂದು ರಾತ್ರಿ ಅದರಲ್ಲಿ ಅರ್ಧದಷ್ಟು ಸಿಡಿದು ಒಂಬತ್ತು ಜನ ಸತ್ತರು. ಉಳಿದದ್ದು ಕುಸಿದ ಬಂಡೆಯಡಿ ಹೂತುಹೋಯಿತು. ಅಪಾಯ ಇನ್ನಿಲ್ಲವೆಂದು ಜನ ಮತ್ತೆ ಮನೆ ಕಟ್ಟಿದರು, ತೋಟ ಮಾಡಿದರು. 2018ರಲ್ಲಿ ತಜ್ಞರು ಅಪಾಯ ಇನ್ನೂ ಇದೆಯೆಂದರು. ಅದನ್ನು ತೆಗೆಯುವ ಕೆಲಸಕ್ಕಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಊರು ಬಿಡಬೇಕಾದೀತೆಂದು 2020ರಲ್ಲಿ ಸರ್ಕಾರ ಹಳ್ಳಿಗರಿಗೆ ತಿಳಿಸಿತು. ಹುಟ್ಟಿದಂದಿನಿಂದ ಆ ಬೆಟ್ಟವನ್ನೇ ನೋಡುತ್ತ ಬೆಳೆದ ಮುದುಕರೂ ಅವರಲ್ಲಿದ್ದರು.